ಕಪ್ಪಾದ ಪರದೆಗೆ ಕಾರ್ಡ್ ಒಂದೇ ಹೊಣೆಯಲ್ಲ

ಆಟದ ನಡುವೆ ಪರದೆ ಕಪ್ಪಾಯಿತೆಂದರೆ ನಮ್ಮ ಊರುಗಳಲ್ಲಿ ತೀರ್ಪು ಬರಲು ಹೆಚ್ಚು ಹೊತ್ತು ಬೇಕಿಲ್ಲ: ‘ಗ್ರಾಫಿಕ್ಸ್ ಕಾರ್ಡ್ ಹೋಗಿದೆ, ಹೊಸದು ಹಾಕಿಸಿ’. ಎಷ್ಟೋ ಸಲ ಕ್ಯಾಬಿನೆಟ್ಟಿನ ಮುಚ್ಚಳ ತೆಗೆಯುವ ಮೊದಲೇ ಈ ಮಾತು ಬಂದಿರುತ್ತದೆ. ಗೇಮಿಂಗ್ ಡೆಸ್ಕ್‌ಟಾಪಿನಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ದುಬಾರಿ ಭಾಗ ಆ ಕಾರ್ಡೇ. ಸಾಧಾರಣದ್ದಕ್ಕೇ ಹತ್ತಾರು ಸಾವಿರ ರೂಪಾಯಿ ಬೇಕು. ಪರೀಕ್ಷೆ ಮಾಡದೆ, ಆಧಾರ ತೋರಿಸದೆ ಅಷ್ಟು ದುಡ್ಡು ಖರ್ಚು ಮಾಡಿಸುವುದು ಅನ್ಯಾಯ. ಇದನ್ನು ಹೇಳಲೆಂದೇ ಈ ಲೇಖನ ಬರೆಯುತ್ತಿದ್ದೇನೆ.

ದಾವಣಗೆರೆಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಅಲ್ಲಿಗೆ ಬರುವ ಗೇಮಿಂಗ್ ಯಂತ್ರಗಳೆಲ್ಲ ಬರೀ ಆಟಕ್ಕೆ ಇಟ್ಟುಕೊಂಡವಲ್ಲ. ಮದುವೆ ವಿಡಿಯೊ ಎಡಿಟ್ ಮಾಡುವವರು, ಮನೆ ಕಟ್ಟುವವರಿಗೆ ತ್ರೀಡಿ ನಕ್ಷೆ ಮಾಡಿಕೊಡುವವರು ಇದೇ ಯಂತ್ರಗಳಲ್ಲಿ ದುಡಿಯುತ್ತಾರೆ. ಮಗ ಎಂಜಿನಿಯರಿಂಗ್ ಸೇರಿದನೆಂದು ಮೆಕ್ಕೆಜೋಳ ಮಾರಿದ ದುಡ್ಡಿನಲ್ಲಿ ಕೊಡಿಸಿದ ಅಪ್ಪಂದಿರೂ ಇದ್ದಾರೆ. ‘ಅಕ್ಕಾ, ಕಾರ್ಡ್ ಡೆಡ್ ಆಗೈತೆ ಅಂದ್ರು, ಗುಜರಿಗೆ ಹಾಕಿಬಿಡ್ಲಾ?’ ಎಂದು ಕೇಳುವ ಹುಡುಗರ ಮುಖ ನೋಡಿದರೆ ಸಂಕಟವಾಗುತ್ತದೆ. ಹಾಗೆ ಡೆಡ್ ಎನಿಸಿಕೊಂಡು ಬಂದ ಎಷ್ಟೋ ಕಾರ್ಡುಗಳು ನನ್ನ ಪರೀಕ್ಷೆಯ ಯಂತ್ರದಲ್ಲಿ ಗಂಟೆಗಟ್ಟಲೆ ಏನೂ ತೊಂದರೆಯಿಲ್ಲದೆ ಓಡಿವೆ.

ನಲ್ಲಿಯಲ್ಲಿ ನೀರು ನಿಂತರೆ ಯಾರೂ ಮೊದಲು ನಲ್ಲಿಯನ್ನು ಬದಲಿಸುವುದಿಲ್ಲ. ಟ್ಯಾಂಕ್ ನೋಡುತ್ತಾರೆ, ವಾಲ್ವ್ ನೋಡುತ್ತಾರೆ, ಮೋಟರಿಗೆ ಕರೆಂಟ್ ಇದೆಯೇ ನೋಡುತ್ತಾರೆ. ಪರದೆಯ ಮೇಲೆ ಒಂದು ಚಿತ್ರ ಮೂಡಬೇಕಾದರೂ ಆಟದ ತಂತ್ರಾಂಶ, ವಿಂಡೋಸ್, ಡ್ರೈವರ್, ಪ್ರೊಸೆಸರ್, ರ‍್ಯಾಮ್, ಮದರ್‌ಬೋರ್ಡ್, ಯಂತ್ರಕ್ಕೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್, ಗೋಡೆಯ ಪ್ಲಗ್ ಎಲ್ಲವೂ ಸರಿಯಿರಬೇಕು. ಇವುಗಳಲ್ಲಿ ಯಾವುದು ಕೈಕೊಟ್ಟರೂ ತೊಂದರೆ ಕಣ್ಣಿಗೆ ಬೀಳುವುದು ಪರದೆಯಲ್ಲೇ. ಅದಕ್ಕೇ ಪರದೆಗೆ ಹತ್ತಿರವಿರುವ ಕಾರ್ಡಿನ ತಲೆಗೆ ಆಪಾದನೆ ಕಟ್ಟುವುದು ಸುಲಭ.

ಇದಕ್ಕೆ ಇತ್ತೀಚಿನ ದೊಡ್ಡ ಉದಾಹರಣೆ 2024ರದು. ಜಗತ್ತಿನಾದ್ಯಂತ ಆಟಗಾರರಿಗೆ ಒಂದೇ ಬಗೆಯ ಸಂದೇಶ ಬರತೊಡಗಿತು: ‘ಔಟ್ ಆಫ್ ವಿಡಿಯೊ ಮೆಮೊರಿ’. ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಸಾಲುತ್ತಿಲ್ಲ ಎಂದು ಯಂತ್ರವೇ ಹೇಳುತ್ತಿತ್ತು. ಆದರೆ 24 ಜಿಬಿ ಮೆಮೊರಿಯ ಕಾರ್ಡ್ ಹಾಕಿಸಿಕೊಂಡವರಿಗೂ ಅದೇ ಸಂದೇಶ. ಕೊನೆಗೆ ತಪ್ಪು ಸಿಕ್ಕಿದ್ದು ಕಾರ್ಡಿನಲ್ಲಿ ಅಲ್ಲ, ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ. ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಬಿದ್ದು ಚಿಪ್ಪಿನೊಳಗಿನ ಸರ್ಕಿಟ್ ಕಾಲಕ್ರಮೇಣ ಸವೆಯುತ್ತಿತ್ತು. ಆಟ ಲೋಡ್ ಆಗುವಾಗ ಕುಗ್ಗಿಸಿಟ್ಟ ಕಡತಗಳನ್ನು ಬಿಡಿಸುವ ಭಾರೀ ಕೆಲಸ ಪ್ರೊಸೆಸರಿನದು. ಅಲ್ಲಿ ಲೆಕ್ಕ ತಪ್ಪಿದರೆ ದೂರು ಹೊರಬೀಳುವುದು ಗ್ರಾಫಿಕ್ಸ್ ಹೆಸರಿನಲ್ಲಿ. ಇಂಟೆಲ್ ಆ ವರ್ಷದ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಬಯೋಸ್ ಮೂಲಕ ಹಾಕಿಕೊಳ್ಳುವ ಮೈಕ್ರೊಕೋಡ್ ತಿದ್ದುಪಡಿಗಳನ್ನು ಹೊರತಂದಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆಗಲೇ ಹಾಳಾಗಿದ್ದ ಚಿಪ್ಪುಗಳು ಮಾತ್ರ ಆ ತಿದ್ದುಪಡಿಯಿಂದ ಸರಿಹೋಗಲಿಲ್ಲ, ಅವನ್ನು ಬದಲಿಸಲೇಬೇಕಾಯಿತು. ಸಂದೇಶವನ್ನು ಅಕ್ಷರಶಃ ನಂಬಿ ಹೊಸ ಕಾರ್ಡ್ ಕೊಂಡವರ ಪಾಡು ಏನಾಗಿರಬೇಡ?

ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರಿನ ಕಥೆ ಇದಕ್ಕಿಂತ ಹಳೆಯದು. ಅಮೆರಿಕದ ಮೊಕದ್ದಮೆಯೊಂದರಲ್ಲಿ 2008ರಲ್ಲಿ ಬಹಿರಂಗವಾದ ಮೈಕ್ರೊಸಾಫ್ಟ್‌ನ ಒಳದಾಖಲೆಯ ಪ್ರಕಾರ, 2007ರಲ್ಲಿ ಆ ಕಂಪನಿ ಲೆಕ್ಕಹಾಕಿದ ವಿಂಡೋಸ್ ವಿಸ್ಟಾ ಕ್ರ್ಯಾಶ್‌ಗಳಲ್ಲಿ ಶೇ 28ಕ್ಕೂ ಹೆಚ್ಚಿನವು ಗ್ರಾಫಿಕ್ಸ್ ಚಿಪ್ ತಯಾರಿಸುವ ಎನ್‌ವಿಡಿಯಾದ ಡ್ರೈವರುಗಳಿಂದ ಆದವು. 2020ರಲ್ಲಿ ಅದೇ ಎನ್‌ವಿಡಿಯಾದ ಆರ್‌ಟಿಎಕ್ಸ್ 3080 ಕಾರ್ಡುಗಳು ಮಾರುಕಟ್ಟೆಗೆ ಬಂದ ಹೊಸತರಲ್ಲೇ ಆಟದ ನಡುವೆ ಬೀಳತೊಡಗಿದಾಗ, ಕಾರ್ಡಿನ ಹಿಂಬದಿಯ ಕೆಪಾಸಿಟರುಗಳೇ ಕಳಪೆ ಎಂದು ಎಲ್ಲೆಡೆ ಗುಲ್ಲೆದ್ದಿತು. ಆ ಸೆಪ್ಟೆಂಬರಿನ ಕೊನೆಯಲ್ಲಿ ಬಂದ ಹೊಸ ಡ್ರೈವರ್ ಹಾಕಿಕೊಂಡ ಮೇಲೆ ಬಹುಪಾಲು ಜನರ ತೊಂದರೆ ನಿಂತಿತು. ಕಾರ್ಡ್ ಅದೇ, ಕೆಪಾಸಿಟರುಗಳೂ ಅವೇ.

ಹಾಗೆಂದು ಕಾರ್ಡ್ ಕೆಡುವುದೇ ಇಲ್ಲ ಎನ್ನುವವಳು ನಾನಲ್ಲ. 2021ರಲ್ಲಿ ‘ನ್ಯೂ ವರ್ಲ್ಡ್’ ಎಂಬ ಆಟದ ಪ್ರಯೋಗಾವಧಿಯಲ್ಲಿ ಇವಿಜಿಎ ಕಂಪನಿಯ ಕೆಲವು ಆರ್‌ಟಿಎಕ್ಸ್ 3090 ಕಾರ್ಡುಗಳು ನಿಜವಾಗಿಯೂ ಸತ್ತವು. ಬೆಸುಗೆಯಲ್ಲಿ ದೋಷವಿತ್ತೆಂದು ಕಂಪನಿಯೇ ಒಪ್ಪಿ ಬದಲಿಸಿಕೊಟ್ಟಿತು. ವಿಂಡೋಸ್ ಬರುವ ಮೊದಲೇ, ಬಯೋಸ್ ಪರದೆಯಲ್ಲೇ ಬಣ್ಣದ ಚೌಕಗಳು, ಗೆರೆಗಳು ಕಂಡರೆ ನಾನೂ ಮೊದಲು ಅನುಮಾನಿಸುವುದು ಕಾರ್ಡಿನ ಮೆಮೊರಿಯನ್ನು. ಆದರೆ ಅನುಮಾನ ಬೇರೆ, ತೀರ್ಪು ಬೇರೆ. ಕೇಬಲ್ ಬದಲಿಸಿ, ಇನ್ನೊಂದು ಮಾನಿಟರ್ ಹಾಕಿ, ಚೆನ್ನಾಗಿರುವ ಇನ್ನೊಂದು ಯಂತ್ರಕ್ಕೆ ಅದೇ ಕಾರ್ಡ್ ಕೂರಿಸಿ, ಅಲ್ಲೂ ಅದು ಬಿದ್ದರೆ ಆಗ ಕಾರ್ಡ್ ಹೋಗಿದೆ ಎನ್ನಬೇಕು.

ಯಂತ್ರ ಬೀಳುವಾಗ ಸುಮ್ಮನೆ ಬೀಳುವುದಿಲ್ಲ, ಸಾಕಷ್ಟು ಸಲ ಬರೆದಿಟ್ಟೇ ಬೀಳುತ್ತದೆ. ವಿಸ್ಟಾ ಕಾಲದಿಂದ ವಿಂಡೋಸ್ ಒಂದು ಕಾವಲು ಇಟ್ಟಿದೆ: ಕೊಟ್ಟ ಕೆಲಸಕ್ಕೆ ಗ್ರಾಫಿಕ್ಸ್ ಚಿಪ್ ಎರಡು ಸೆಕೆಂಡಿನೊಳಗೆ ಸ್ಪಂದಿಸದಿದ್ದರೆ ಅದನ್ನು ರೀಸೆಟ್ ಮಾಡಿ ಮೇಲೆತ್ತಲು ನೋಡುತ್ತದೆ. ಮೇಲೆದ್ದರೆ ಪರದೆ ಒಮ್ಮೆ ಕಪ್ಪಾಗಿ ಮರಳುತ್ತದೆ, ವಿಂಡೋಸ್‌ನ ದಾಖಲೆ ತೋರಿಸುವ ಈವೆಂಟ್ ವ್ಯೂವರಿನಲ್ಲಿ 4101 ಎಂಬ ಸಂಖ್ಯೆ ದಾಖಲಾಗುತ್ತದೆ. ಏಳದಿದ್ದರೆ ನೀಲಿ ಪರದೆ ಬರುತ್ತದೆ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಗಿದ್ದರೆ ‘ಕರ್ನಲ್-ಪವರ್ 41’ ಎಂಬ ನಮೂದು ಸಿಗುತ್ತದೆ. ‘ವೀಯಾ-ಲಾಗರ್’ ಹೆಸರಿನ ನಮೂದುಗಳಿದ್ದರೆ ಹಾರ್ಡ್‌ವೇರ್ ಕಡೆಗೆ ಬೆರಳು ತೋರಿಸುತ್ತಿವೆ ಎಂದರ್ಥ. ಇವು ಯಾವುವೂ ತಪ್ಪಿತಸ್ಥ ಇಂಥವನೇ ಎಂದು ಹೇಳುವುದಿಲ್ಲ. ಎಲ್ಲಿಂದ ಹುಡುಕಬೇಕು ಎಂಬುದನ್ನು ಹೇಳುತ್ತವೆ. ಅದನ್ನು ಓದಲು ದುಡ್ಡು ಖರ್ಚಾಗುವುದಿಲ್ಲ. ಓದದೆ ಫಾರ್ಮ್ಯಾಟ್ ಹೊಡೆದುಬಿಟ್ಟರೆ ಆ ಸಾಕ್ಷ್ಯವೂ ಅಳಿಸಿಹೋಗುತ್ತದೆ.

ಹರಿಹರದ ಕಡೆಯ ಮದುವೆ ವಿಡಿಯೊ ಎಡಿಟರ್ ಒಬ್ಬರ ಯಂತ್ರದ ವಿಷಯ ಹೇಳುತ್ತೇನೆ. ಎಡಿಟಿಂಗ್ ನಡೆಯುವವರೆಗೆ ಸರಿ. ರೆಂಡರಿಗೆ ಹಾಕಿದರೆ, ರಾತ್ರಿ ಮಗ ಆಟಕ್ಕೆ ಕೂತರೆ ಯಂತ್ರ ತಟ್ಟನೆ ರೀಸ್ಟಾರ್ಟ್. ಬೇರೆ ಅಂಗಡಿಯಲ್ಲಿ ಹೊಸ ಕಾರ್ಡಿಗೆ ಕೊಟೇಶನ್ ಕೊಟ್ಟಾಗಿತ್ತು. ದಾಖಲೆ ತೆರೆದರೆ ಉದ್ದಕ್ಕೂ 41. ಒಂದೇ ಒಂದು 4101 ಇಲ್ಲ, ನೀಲಿ ಪರದೆಯ ಕುರುಹೂ ಇಲ್ಲ. ಅಂದರೆ ದೂರು ಬರೆಯಲೂ ಪುರುಸೊತ್ತಿಲ್ಲದ ಹಾಗೆ ವಿದ್ಯುತ್ ಕೈಬಿಡುತ್ತಿದೆ ಎಂಬ ಅನುಮಾನ ಬಂತು. ಮುಚ್ಚಳ ತೆಗೆದು ನೋಡಿದೆ. ಕಾರ್ಡಿಗೆ ಎರಡು ಎಂಟು-ಪಿನ್ ಸಾಕೆಟ್. ಎರಡಕ್ಕೂ ಒಂದೇ ಕೇಬಲ್ಲಿನ ಎರಡು ತುದಿ ಸಿಕ್ಕಿಸಿದ್ದರು. ಒಂದೊಂದು ಎಂಟು-ಪಿನ್ ಸಾಕೆಟ್ಟಿಗೆ ನಿಗದಿಯಾದದ್ದು 150 ವಾಟ್. ಎರಡರ ಹೊರೆಯನ್ನೂ ಒಂದೇ ಕೇಬಲ್ಲಿಗೆ ಹೊರಿಸುವುದು ಸರಿಯಲ್ಲ. ಬೇರೆ ಬೇರೆ ಕೇಬಲ್ ಹಾಕಿದ ಮೇಲೆ ಬೀಳುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಆಮೇಲೆ ಅಂಗಡಿಯಲ್ಲಿದ್ದ ಚೆನ್ನಾಗಿರುವ ಎಸ್‌ಎಂಪಿಎಸ್ ಜೋಡಿಸಿ ಮಧ್ಯಾಹ್ನವಿಡೀ ಭಾರ ಹಾಕಿ ಓಡಿಸಿದೆ. ಒಮ್ಮೆಯೂ ಬೀಳಲಿಲ್ಲ. ಕಾರ್ಡಿನ ಬೆಲೆಯ ಸಣ್ಣ ಪಾಲಿನಲ್ಲಿ ಹೊಸ ಎಸ್‌ಎಂಪಿಎಸ್ ಬಂತು, ಹಳೆಯ ಕಾರ್ಡೇ ಮತ್ತೆ ದುಡಿಯತೊಡಗಿತು. ಮಾತಿನ ನಡುವೆ ಅವರ ಮನೆಯಲ್ಲಿ ಯಂತ್ರದ ಪ್ಲಗ್ ಹಾಕುವ ಗೋಡೆಯ ಸಾಕೆಟ್ಟಿಗೆ ಅರ್ತಿಂಗ್ ಇಲ್ಲವೆಂದು ಗೊತ್ತಾಯಿತು. ಯಂತ್ರ ಮರಳಿ ಇಡುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅದನ್ನು ಸರಿಮಾಡಿಸಿಕೊಳ್ಳಲು ಹೇಳಿದೆ.

ಇತ್ತೀಚಿನ ಕಾರ್ಡುಗಳು ವಿದ್ಯುತ್ತನ್ನು ಒಂದೇ ಸಮನೆ ಎಳೆಯುವುದಿಲ್ಲ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತಿನಲ್ಲಿ ಬೇಡಿಕೆ ತಟಕ್ಕನೆ ಏರಿ ಇಳಿಯುತ್ತದೆ. ಹಳೆಯ ಎಸ್‌ಎಂಪಿಎಸ್ ಅದನ್ನು ಅಪಾಯವೆಂದು ತಿಳಿದು ತನ್ನನ್ನು ತಾನೇ ಆಫ್ ಮಾಡಿಕೊಳ್ಳಬಹುದು. ಈ ಕಾರಣದಿಂದಲೇ 2022ರ ಎಟಿಎಕ್ಸ್ 3.0 ಮಾನದಂಡ, ತನ್ನ ಸಾಮರ್ಥ್ಯದ ಎರಡರಷ್ಟು ಹೊರೆಯನ್ನು ಎಸ್‌ಎಂಪಿಎಸ್ 100 ಮೈಕ್ರೊಸೆಕೆಂಡ್ ತಾಳಬೇಕು ಎಂದು ಹೇಳಿತು. ಹೊಸ ಕಾರ್ಡಿಗೆ ಹಳೆಯ ಎಸ್‌ಎಂಪಿಎಸ್ ಜೋಡಿಸಿ ಮಾರುವಾಗ ಇದನ್ನು ಗ್ರಾಹಕರಿಗೆ ತಿಳಿಸಬೇಕಾದ್ದು ಮಾರುವವರ ಕರ್ತವ್ಯ.

ದುಡ್ಡು ಬೇಡದ ಪರೀಕ್ಷೆಗಳು ಮೊದಲು, ದುಡ್ಡು ಬೇಡುವವು ಕೊನೆಗೆ. ನಾನು ಅನುಸರಿಸುವ ಕ್ರಮ ಇದು. ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಯಂತ್ರ ಇಟ್ಟುಕೊಂಡವರನ್ನು: ಯಾವಾಗ ಬೀಳುತ್ತದೆ? ಒಂದೇ ಆಟದಲ್ಲೋ, ಎಲ್ಲದರಲ್ಲೋ? ಶುರುವಾದ ಕೂಡಲೇ ಬೀಳುತ್ತದೋ, ಅರ್ಧ ಗಂಟೆ ಓಡಿ ಕಾದ ಮೇಲೋ? ಅದಕ್ಕೆ ಮೊದಲು ಏನು ಬದಲಾಗಿತ್ತು? ಒಂದೇ ಆಟದಲ್ಲಿ ಬೀಳುತ್ತಿದ್ದರೆ ಮೊದಲು ಆ ಆಟದ ಕಡತಗಳನ್ನು ಪರಿಶೀಲಿಸಬೇಕು. ಕಾದ ಮೇಲೆ ಬೀಳುತ್ತಿದ್ದರೆ ಶಾಖ ನೋಡಬೇಕು. ಮಂಡಕ್ಕಿ ಭಟ್ಟಿಗಳ ಕಡೆಯಿಂದ ನನ್ನಲ್ಲಿಗೆ ಬರುವ ಯಂತ್ರಗಳ ಹೀಟ್‌ಸಿಂಕಿನಲ್ಲಿ ಮಸಿ ಬೆರೆತ ದೂಳು ಗಟ್ಟಿಯಾಗಿ ಕೂತಿರುತ್ತದೆ. ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದು ಬ್ಲೋವರ್ ಹೊಡೆದರೆ ಎಷ್ಟೋ ಯಂತ್ರಗಳು ಅಷ್ಟಕ್ಕೇ ಸರಿಹೋಗುತ್ತವೆ. ಮುಂದಿನದು ವೇಗ. ಓವರ್‌ಕ್ಲಾಕ್ ಮಾಡಿದ್ದರೆ ತೆಗೆದು, ರ‍್ಯಾಮಿನ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಪ್ರೊಫೈಲ್ ಎಂಬ ವೇಗ ಹೆಚ್ಚಿಸುವ ಸೆಟ್ಟಿಂಗ್ ಆಫ್ ಮಾಡಿ, ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿಸಬೇಕು. ಆಮೇಲೆ ಡ್ರೈವರ್. ಹಳೆಯದರ ಮೇಲೆ ಹೊಸದನ್ನು ಹೇರದೆ, ಸೇಫ್ ಮೋಡಿನಲ್ಲಿ ‘ಡಿಡಿಯು’ ಎಂಬ ಡ್ರೈವರ್ ತೆಗೆಯುವ ತಂತ್ರಾಂಶ ಬಳಸಿ ಪೂರ್ತಿ ತೆಗೆದು ಹೊಸದಾಗಿ ಹಾಕಬೇಕು. ಅಪ್‌ಡೇಟ್ ಆದ ಮೇಲೆಯೇ ತೊಂದರೆ ಶುರುವಾಗಿದ್ದರೆ ಹಿಂದಿನ ಆವೃತ್ತಿಗೆ ಮರಳಬೇಕು. ಅದಾದ ಮೇಲೆ ಕೇಬಲ್, ಎಸ್‌ಎಂಪಿಎಸ್. ಕಾರ್ಡಿನ ಸರದಿ ಕೊನೆಗೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನಾಯಿತೆಂದು ಬರೆದಿಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಂತ್ರ ಸರಿಹೋದರೂ ಯಾವುದರಿಂದ ಎಂಬುದು ಗೊತ್ತಾಗುವುದಿಲ್ಲ.

ಕೆಟ್ಟ ಕಾರ್ಡಿನ ಚಿಪ್ಪಿಗೆ ಹೀಟ್ ಗನ್ ಹಿಡಿದು ‘ಜೀವ ಬರಿಸಿಕೊಡುವ’ ಪದ್ಧತಿಯೂ ಇದೆ. ಕಾಯಿಸಿದಾಗ ಒಳಗಿನ ಸಂಪರ್ಕ ಕೆಲ ದಿನ ಕೂಡಬಹುದು, ಹೆಚ್ಚು ಕಾಲ ನಿಲ್ಲುವುದಿಲ್ಲ. ಅದನ್ನು ರಿಪೇರಿ ಎಂದು ಕರೆದು ದುಡ್ಡು ತೆಗೆದುಕೊಳ್ಳಬಾರದು.

ನನ್ನ ಕಸುಬಿನ ಗೆಳೆಯರು ಹೇಳುವ ತಕರಾರು ನನಗೆ ಗೊತ್ತು. ಗ್ರಾಹಕರಿಗೆ ತಾಳ್ಮೆ ಇಲ್ಲ, ಸಂಜೆಯೊಳಗೆ ಉತ್ತರ ಬೇಕು. ರಾತ್ರಿಯಿಡೀ ಪರೀಕ್ಷೆ ಮಾಡಿದ್ದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಪಾರ್ಟ್ ಮಾರಿದರೆ ಮಾತ್ರ ನಾಲ್ಕು ಕಾಸು. ಮಾತು ನಿಜ. ಅದಕ್ಕೆ ದಾರಿ ಪರೀಕ್ಷೆಯ ಶುಲ್ಕವನ್ನು ಮೊದಲೇ ಹೇಳಿ ತೆಗೆದುಕೊಳ್ಳುವುದು. ನಾನು ಹಾಗೇ ಮಾಡುತ್ತೇನೆ. ಎರಡು ದಿನ ಬೇಕು, ಇಷ್ಟು ಖರ್ಚು, ಕೊನೆಗೆ ಬರವಣಿಗೆಯಲ್ಲಿ ಫಲಿತಾಂಶ ಎಂದು ಹೇಳಿದರೆ ಜನ ಒಪ್ಪುತ್ತಾರೆ. ವೈದ್ಯರ ಬಳಿ ಕನ್ಸಲ್ಟೇಶನ್ ಫೀ ಕೊಡುವ ಜನಕ್ಕೆ ಇದು ಅರ್ಥವಾಗದ ವಿಷಯವಲ್ಲ.

ಆ ಬರವಣಿಗೆಯೇ ಮುಖ್ಯ. ಜೋಡಿಸಿ ಕೊಟ್ಟ ಡೆಸ್ಕ್‌ಟಾಪಿಗೆ ಒಬ್ಬನೇ ತಯಾರಕ ಇರುವುದಿಲ್ಲ. ಕಾರ್ಡಿನ ವಾರಂಟಿ ಒಂದು ಕಂಪನಿಯದು, ಎಸ್‌ಎಂಪಿಎಸ್‌ನದು ಇನ್ನೊಂದರದು, ರ‍್ಯಾಮಿನದು ಮತ್ತೊಂದರದು. ಕಾರ್ಡಿನವರು ಎಸ್‌ಎಂಪಿಎಸ್ ನೋಡಿ ಎನ್ನುತ್ತಾರೆ, ಎಸ್‌ಎಂಪಿಎಸ್‌ನವರು ಮದರ್‌ಬೋರ್ಡ್ ತೋರಿಸುತ್ತಾರೆ. ಗ್ರಾಹಕ ನಡುವೆ ಅಲೆಯುತ್ತಾನೆ. ಯಾವ ಭಾಗವನ್ನು ಯಾವ ಪರೀಕ್ಷೆಯಲ್ಲಿ ನೋಡಿದೆವು, ಏನು ಕಂಡಿತು ಎಂಬ ಒಂದು ಪುಟ ಕೈಯಲ್ಲಿದ್ದರೆ ವಾರಂಟಿ ಕೇಳಲು ಬಲ ಬರುತ್ತದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಅದರ ಆಶಯ ಸಣ್ಣ ಊರಿನ ಅಂಗಡಿಯ ಟೇಬಲ್ಲಿನವರೆಗೆ ಬರಬೇಕಾದರೆ, ಬಿಲ್ಲಿನಂತೆಯೇ ಪರೀಕ್ಷಾ ಚೀಟಿಯೂ ಕಡ್ಡಾಯವಾಗಬೇಕು.

ಕಲಿಸುವ ಜಾಗದಲ್ಲೂ ಬದಲಾವಣೆ ಬೇಕು. ಐಟಿಐ, ಡಿಪ್ಲೊಮಾ ಮುಗಿಸಿ ನನ್ನಲ್ಲಿ ಕೆಲಸ ಕಲಿಯಲು ಬರುವ ಮಕ್ಕಳಿಗೆ ಯಂತ್ರ ಜೋಡಿಸಲು ಬರುತ್ತದೆ, ದೋಷ ಹುಡುಕಲು ಬರುವುದಿಲ್ಲ. ಬೇಕೆಂದೇ ಕೆಡಿಸಿದ ಯಂತ್ರಗಳನ್ನು ಲ್ಯಾಬಿನಲ್ಲಿ ಇಟ್ಟು, ಕಾರಣ ಹುಡುಕಿ ಆಧಾರ ಸಮೇತ ಬರೆದುಕೊಟ್ಟವರಿಗೆ ಅಂಕ ಕೊಡಲಿ. ಇ-ತ್ಯಾಜ್ಯ ನಿರ್ವಹಣೆಗೆ 2023ರ ಏಪ್ರಿಲ್‌ನಿಂದ ಹೊಸ ನಿಯಮಗಳು ಜಾರಿಯಲ್ಲಿವೆ. ಆದರೆ ಚೆನ್ನಾಗಿರುವ ಕಾರ್ಡನ್ನು ಗುಜರಿಗೆ ಹೋಗದಂತೆ ತಡೆಯುವವರು ಈ ಮಕ್ಕಳೇ.

ಇನ್ನು ಓದುಗರಲ್ಲಿ ನನ್ನ ಕೋರಿಕೆ. ಯಾರಾದರೂ ಕಾರ್ಡ್ ಹೋಗಿದೆ ಎಂದರೆ, ‘ಬೇರೆ ಯಂತ್ರದಲ್ಲಿ ಹಾಕಿ ತೋರಿಸಿ, ಬರೆದುಕೊಡಿ’ ಎಂದು ಕೇಳಿ. ತೋರಿಸಿದವರಿಗೆ ಶುಲ್ಕವನ್ನು ಸಂತೋಷದಿಂದ ಕೊಡಿ, ಅದು ಅವರ ದುಡಿಮೆ. ತೋರಿಸಲು ಒಪ್ಪದವರಿಂದ ಯಂತ್ರವನ್ನು ವಾಪಸ್ ತೆಗೆದುಕೊಂಡು ಬನ್ನಿ. ವಾರಂಟಿ ಇರುವ ಭಾಗಕ್ಕೂ ದುಡ್ಡು ಕೇಳಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಹತ್ತು ಮಂದಿ ಗ್ರಾಹಕರು ಆಧಾರ ಕೇಳಲು ಶುರುಮಾಡಿದರೆ ಆ ಬೀದಿಯ ಅಂಗಡಿಗಳೆಲ್ಲ ಪರೀಕ್ಷೆ ಮಾಡಲು ಶುರುಮಾಡುತ್ತವೆ.