ಕಸ ಎಸೆದವರ ಮೇಲೆ ಕಸ ಎಸೆಯಬಹುದೇ?

ಸೋದರಿಯರೇ, ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಲು ಹೊರಗೆ ಬಂದರೆ ನಿಮ್ಮ ಅಂಗಳದ ತುಂಬ ಯಾರೋ ಕಸ ಸುರಿದು ಹೋಗಿದ್ದಾರೆ ಎಂದಿಟ್ಟುಕೊಳ್ಳಿ. ಏನು ಮಾಡುತ್ತೀರಿ? ಮೊದಲ ದಿನ ಗುಡಿಸಿ ಹಾಕುತ್ತೀರಿ. ಎರಡನೆಯ ದಿನ ಬೈದುಕೊಂಡು ಗುಡಿಸುತ್ತೀರಿ. ಮೂರನೆಯ ದಿನ, ಸುರಿದವರು ಯಾರೆಂದು ಗೊತ್ತಾದರೆ, ಅದೇ ಕಸವನ್ನು ಮೊರದಲ್ಲಿ ತುಂಬಿಕೊಂಡು ಹೋಗಿ ಅವರ ಅಂಗಳಕ್ಕೇ ಸುರಿದು ಬರೋಣ ಅನ್ನಿಸದೆ ಇರುತ್ತದೆಯೇ? ನನಗಂತೂ ಅನ್ನಿಸುತ್ತದೆ, ಸುಳ್ಳೇಕೆ ಹೇಳಲಿ!

ಈಗ ಆ ಅಂಗಳ ಮನೆಯ ಮುಂದಿಲ್ಲ, ನಮ್ಮ ಕೈಯಲ್ಲಿರುವ ಫೋನಿನೊಳಗಿದೆ. ಇ-ಮೇಲ್ ತೆರೆದರೆ ಸಾಕು, ನೀವು ಕೊಳ್ಳದ ಲಾಟರಿಯಲ್ಲಿ ನಿಮಗೆ ಕೋಟಿ ಬಂದಿರುತ್ತದೆ. ನೀವು ಕೇಳದ ಸಾಲ ಮಂಜೂರಾಗಿರುತ್ತದೆ. ಖಾತೆಯೇ ಇಲ್ಲದ ಬ್ಯಾಂಕಿನಲ್ಲಿ ನಿಮ್ಮ ಖಾತೆ ನಿಂತುಹೋಗಿರುತ್ತದೆ! ಮಕ್ಕಳೂ ಅದೇ ಫೋನು ಹಿಡಿಯುವ ಮನೆಗಳಲ್ಲಿ ಮಕ್ಕಳು ನೋಡಬಾರದ ಚಿತ್ರಗಳೂ ಬಂದು ಬೀಳುತ್ತವೆ. ಇದಕ್ಕೆ ಸ್ಪ್ಯಾಮ್ ಎಂದು ಹೆಸರು. 1937ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಒಂದು ಡಬ್ಬಿ ಮಾಂಸದ ಹೆಸರು ಅದು. 1970ರಲ್ಲಿ ಬ್ರಿಟನ್ನಿನ ಟೆಲಿವಿಷನ್ನಿನಲ್ಲಿ ಬಂದ ಹಾಸ್ಯ ಪ್ರಹಸನವೊಂದರಲ್ಲಿ ಹೋಟೆಲಿನ ತಿಂಡಿಪಟ್ಟಿಯ ತುಂಬ ಅದೇ ಅದೇ, ಬೇಡವೆಂದರೂ ಬಿಡುವ ಹಾಗಿಲ್ಲ. ಅಲ್ಲಿಂದ ಆ ಹೆಸರು ಈ ಕಸಕ್ಕೆ ಅಂಟಿಕೊಂಡಿತು.

ಇದರ ಬಗ್ಗೆ ಓದುಗರೊಬ್ಬರು ಕೇಳಿದ್ದಾರೆ: "ನನ್ನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅಮ್ಮಾ, ಇವರಿಗೆ ಒಂದೇ ದಿನ ಹತ್ತು ಸಾವಿರ ಪತ್ರ ಕಳಿಸಿ ಅವರ ಕಂಪ್ಯೂಟರು ಕೆಟ್ಟು ಕೂತ್ಕೊಳ್ಳೋ ಹಾಗೆ ಮಾಡ್ತೀನಿ ಅಂತಾನೆ. ಅವರು ಮಾಡೋದು ತಪ್ಪು ತಾನೇ? ನಾವು ಮಾಡಿದರೆ ಏನು ತಪ್ಪು?" ಚಿಕ್ಕ ಪ್ರಶ್ನೆಯೇನಲ್ಲ ಇದು. ಸ್ವಲ್ಪ ಕೂತು ಮಾತಾಡೋಣ.

ಮೊದಲು ಆ ಹುಡುಗನ ಸಿಟ್ಟಿಗೆ ನನ್ನ ಒಪ್ಪಿಗೆ ಇದೆ ಎಂದು ಹೇಳಿಬಿಡುತ್ತೇನೆ. ಇದೆಲ್ಲ ಶುರುವಾದದ್ದು 1978ರ ಮೇ 3ರಂದು. ಅಮೆರಿಕದ ಕಂಪ್ಯೂಟರ್ ಕಂಪನಿಯೊಂದರ ಮಾರಾಟದ ಅಧಿಕಾರಿ ಗ್ಯಾರಿ ಥರ್ಕ್, ತಮ್ಮ ಹೊಸ ಯಂತ್ರವನ್ನು ನೋಡಲು ಬನ್ನಿರೆಂದು ಸುಮಾರು 400 ಜನರಿಗೆ ಒಂದೇ ಸಲ ಪತ್ರ ಕಳಿಸಿದರು. ಆಗಲೇ ಬೈಗುಳ ಬಿದ್ದಿತ್ತು. ಇಂದು ಅದು ನೂರಲ್ಲ, ಕೋಟಿಗಳ ಲೆಕ್ಕ. 2008ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಇಂಥ ಒಂದು ಜಾಲದೊಳಗೆ ಇಣುಕಿ ಲೆಕ್ಕ ಹಾಕಿದರು: ಮಾತ್ರೆ ಮಾರುವ ಸುಮಾರು 35 ಕೋಟಿ ಪತ್ರಗಳು ಹೋದವು, ವ್ಯಾಪಾರವಾದದ್ದು 28! ಇಪ್ಪತ್ತೆಂಟು ಜನ ಕೊಳ್ಳುವುದಕ್ಕಾಗಿ ಮಿಕ್ಕ ಕೋಟ್ಯಂತರ ಮಂದಿಯ ವೇಳೆ, ವಿದ್ಯುತ್ತು, ತಾಳ್ಮೆ ಎಲ್ಲ ಪೋಲು. ಕಳಿಸುವವನಿಗೆ ಒಂದು ಪತ್ರಕ್ಕೆ ಕವಡೆ ಕಾಸೂ ಖರ್ಚಿಲ್ಲ, ಗುಡಿಸುವ ಖರ್ಚೆಲ್ಲ ನಮ್ಮದು. ಒಬ್ಬೊಬ್ಬರಿಂದ ಚಿಟಿಕೆ ಚಿಟಿಕೆ ಕದ್ದರೂ ಕಳ್ಳತನ ಕಳ್ಳತನವೇ ಅಲ್ಲವೇ?

ಹಾಗಾದರೆ ಸೇಡು? ಸೇಡು ತೀರಿಸಿಕೊಂಡವರ ಕತೆಗಳೇ ನಮ್ಮ ಮುಂದಿವೆ. ಅವುಗಳಲ್ಲಿ ಒಂದನ್ನು ಓದಿ ನಾನು ಮನಸಾರೆ ನಕ್ಕಿದ್ದೇನೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಅಲನ್ ರಾಲ್ಸ್‌ಕಿ ಎಂಬಾತನಿದ್ದ. ಸ್ಪ್ಯಾಮ್ ಕಳಿಸುವುದರಲ್ಲಿ ದೊಡ್ಡ ಕುಳ. 2002ರಲ್ಲಿ ಪತ್ರಿಕೆಯೊಂದು ಅವನ ಹೊಸ ಭಾರೀ ಮನೆಯ ಬಗ್ಗೆ ಬರೆಯಿತು. ಓದಿದವರ ಹೊಟ್ಟೆ ಉರಿಯಿತು. ಯಾರೋ ಅವನ ಮನೆಯ ವಿಳಾಸ ಹುಡುಕಿ ತೆಗೆದರು. ಮಿಕ್ಕವರು ಸೇರಿಕೊಂಡು, ಬಟ್ಟೆ ಅಂಗಡಿಯಿಂದ ಹಿಡಿದು ಯಾತಕ್ಕೂ ಬೇಡದ ಸಾಮಾನಿನವರೆಗೆ, ಸಿಕ್ಕ ಸಿಕ್ಕ ಕಂಪನಿಗಳಿಗೆಲ್ಲ ಅವನ ಹೆಸರು ಕೊಟ್ಟು ಕ್ಯಾಟಲಾಗು ತರಿಸಿದರು. ಅವನ ಬಾಗಿಲಿಗೆ ದಿನಕ್ಕೆ ಮಣಗಟ್ಟಲೆ ಕಾಗದ ಬಂದು ಬೀಳತೊಡಗಿತು. ಕೇಳದ ಪತ್ರಗಳನ್ನು ಲೋಕಕ್ಕೆಲ್ಲ ಕಳಿಸುತ್ತಿದ್ದವನು "ಇದು ಕಿರುಕುಳ" ಎಂದು ಗೋಳಾಡಿದ! ನಗು ಬರದೆ ಇರುತ್ತದೆಯೇ ಹೇಳಿ.

ಆದರೆ ನಕ್ಕು ಮುಗಿದ ಮೇಲೆ ನಾವು ಹೆಂಗಸರು ಕೇಳುವ ಪ್ರಶ್ನೆಯೊಂದಿದೆ: ಇದರ ಖರ್ಚು ಯಾರದು? ಕ್ಯಾಟಲಾಗುಗಳನ್ನು ಅಚ್ಚು ಹಾಕಿಸಿದವರು ರಾಲ್ಸ್‌ಕಿಯ ಶತ್ರುಗಳಲ್ಲ, ಯಾವ ತಪ್ಪೂ ಮಾಡದ ಅಂಗಡಿಯವರು. ಮಣಗಟ್ಟಲೆ ಹೊತ್ತು ತಂದದ್ದು ಅಂಚೆಯವನ ಬೆನ್ನು. ಕಾಗದಕ್ಕಾಗಿ ಬಿದ್ದ ಮರದ ಮಾತು ಬಿಡಿ. ಇಷ್ಟೆಲ್ಲ ಆದರೂ ಅವನು ತನ್ನ ಕಸುಬು ಬಿಟ್ಟನೇ? ಇಲ್ಲ. ಅವನನ್ನು ನಿಲ್ಲಿಸಿದ್ದು ಪೊಲೀಸರು ಮತ್ತು ನ್ಯಾಯಾಲಯ. ಪತ್ರಗಳ ಮೂಲಕ ಕೆಲಸಕ್ಕೆ ಬಾರದ ಷೇರುಗಳ ಬೆಲೆ ಉಬ್ಬಿಸಿ ಮಾರಿದ್ದಕ್ಕಾಗಿ 2009ರಲ್ಲಿ 51 ತಿಂಗಳ ಸೆರೆವಾಸವಾಯಿತು.

ಇದಕ್ಕೂ ಮುಂಚೆ, 1994ರಲ್ಲಿ, ಅರಿಜೋನಾದ ವಕೀಲ ದಂಪತಿಗಳು ಅಮೆರಿಕದ ವಾಸದ ಪರವಾನಗಿ ಕೊಡಿಸುವ ತಮ್ಮ ಸೇವೆಯ ಜಾಹೀರಾತನ್ನು ಸಾವಿರಾರು ಚರ್ಚಾ ಗುಂಪುಗಳಿಗೆ ತುಂಬಿದ್ದರು. ಸಿಟ್ಟಿಗೆದ್ದವರು ಕಳಿಸಿದ ಪತ್ರಗಳ ಪ್ರವಾಹಕ್ಕೆ, ಅವರಿಗೆ ಸಂಪರ್ಕ ಒದಗಿಸಿದ್ದ ಸಣ್ಣ ಕಂಪನಿಯ ಯಂತ್ರಗಳು ಪದೇ ಪದೇ ಕುಸಿದು ಬಿದ್ದವು. ಅದೇ ಯಂತ್ರವನ್ನು ನಂಬಿಕೊಂಡಿದ್ದ ಬೇರೆ ಗ್ರಾಹಕರೂ ಒದ್ದಾಡಿದರು. ದಂಪತಿಗಳೋ, ಅದರ ಮೇಲೆ ಪುಸ್ತಕ ಬರೆದು ಮಾರಿದರು!

ಈಗ ಇನ್ನೊಂದು ವಿಷಯ ತಿಳಿದುಕೊಳ್ಳಬೇಕು. ಇನ್‌ಲ್ಯಾಂಡ್ ಲೆಟರಿನ ಹಿಂದೆ "ಇಂದ" ಎಂಬ ಜಾಗದಲ್ಲಿ ನಾನು ನಿಮ್ಮ ಪಕ್ಕದ ಮನೆಯವರ ವಿಳಾಸ ಬರೆದು ಡಬ್ಬಿಗೆ ಹಾಕಿದರೆ ಅಂಚೆಯವರು ತಡೆಯುತ್ತಾರೆಯೇ? ಇ-ಮೇಲ್ ಕೂಡ ಹುಟ್ಟಿದಾಗಿನಿಂದ ಹಾಗೆಯೇ. ಕಳಿಸಿದವರ ಹೆಸರಿನ ಜಾಗದಲ್ಲಿ ಯಾರ ಹೆಸರನ್ನಾದರೂ ಬರೆಯಬಹುದು. ಇತ್ತೀಚೆಗೆ ದೊಡ್ಡ ಕಂಪನಿಗಳು ಪರೀಕ್ಷಿಸಿ ನೋಡುತ್ತವಾದರೂ ಮೋಸ ನಿಂತಿಲ್ಲ. ಕೋತಿ ತಾನು ಬೆಣ್ಣೆ ತಿಂದು ಮೇಕೆಯ ಬಾಯಿಗೆ ಒರೆಸಿತು ಅಂತಾರಲ್ಲ, ಹಾಗೆ. 1997ರ ಮೊದಲಲ್ಲಿ ಇದು ನಡೆದೇ ಹೋಯಿತು. ಜೋಸ್ ಡಾಟ್ ಕಾಂ ಎಂಬ ತಾಣ ನಡೆಸುತ್ತಿದ್ದವರು, ಸ್ಪ್ಯಾಮ್ ಕಳಿಸಿದ ಒಬ್ಬನನ್ನು ಹೊರಗೆ ಹಾಕಿದರು. ಅವನು ಹಗೆ ಸಾಧಿಸಿ, ಅವರದೇ ಹೆಸರಿನಲ್ಲಿ ಊರಿಗೆಲ್ಲ ಸ್ಪ್ಯಾಮ್ ಕಳಿಸಿದ. ಪಡೆದವರು ವಿಚಾರಿಸಿದರೇ? ಇಲ್ಲವಲ್ಲ! ನೇರ ಹೋಗಿ ಆ ತಾಣದ ಮೇಲೆ ಬಿದ್ದರು, ಅದು ಮುಚ್ಚಿ ಕೂತಿತು. ಸ್ಪ್ಯಾಮ್ ವಿರುದ್ಧ ಕ್ರಮ ಕೈಗೊಂಡವನಿಗೇ ಸ್ಪ್ಯಾಮ್ ವಿರೋಧಿಗಳಿಂದ ಏಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಇಂದಿಗೂ ಇಂಥ ಕೃತ್ಯಕ್ಕೆ ಇಂಗ್ಲಿಷಿನಲ್ಲಿ "ಜೋ ಜಾಬ್" ಎಂದೇ ಹೆಸರು.

ಹೆಸರಷ್ಟೇ ಅಲ್ಲ, ಯಂತ್ರವೂ ಬೇರೆಯವರದೇ. ಈ ದುಷ್ಟರು ಸಾಮಾನ್ಯರ ಕಂಪ್ಯೂಟರುಗಳಿಗೆ ವೈರಸ್ ಹೊಗಿಸಿ, ಮಾಲೀಕರಿಗೆ ಗೊತ್ತೇ ಆಗದಂತೆ ಅವುಗಳಿಂದ ಪತ್ರ ಕಳಿಸುತ್ತಾರೆ. ಹತ್ತು ಸಾವಿರ ಪತ್ರ ಕಳಿಸುತ್ತೇನೆನ್ನುವ ಹುಡುಗ ಯಾರ ಮೇಲೆ ಕಳಿಸುತ್ತಿದ್ದಾನೆ? ಯಾವುದೋ ಊರಿನ ಟೀಚರಮ್ಮನ ಕಂಪ್ಯೂಟರಿನ ಮೇಲೂ ಆದೀತು.

"ಹಾಗಾದರೆ ಬುದ್ಧಿವಂತರು ಲೆಕ್ಕ ಹಾಕಿ, ಅಳತೆಯಲ್ಲಿ ಹೊಡೆದರೆ?" ಎನ್ನಬಹುದು. ಅದನ್ನೂ ಮಾಡಿ ನೋಡಿದ್ದಾರೆ. 2004ರ ಕೊನೆಯಲ್ಲಿ ಲೈಕಾಸ್ ಯೂರೋಪ್ ಎಂಬ ಕಂಪನಿ, ಕಂಪ್ಯೂಟರು ಸುಮ್ಮನಿರುವಾಗ ಸ್ಪ್ಯಾಮ್ ಅಂಗಡಿಗಳ ತಾಣಗಳನ್ನು ಮತ್ತೆ ಮತ್ತೆ ತಟ್ಟುವ ಒಂದು ಸಾಧನವನ್ನು ಜನರಿಗೆ ಹಂಚಿತು. ಕೆಡವುವುದಿಲ್ಲ, ಬರೀ ನಿಧಾನ ಮಾಡುತ್ತೇವೆ, ಖರ್ಚು ಹೆಚ್ಚಿಸುತ್ತೇವೆ ಅಷ್ಟೇ ಎಂದರು. ಕೆಲವು ತಾಣಗಳು ಬಿದ್ದೇ ಹೋದವು. ಟೀಕೆ ತಾಳಲಾರದೆ ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆದರು.

ಇಸ್ರೇಲಿನ ಬ್ಲೂ ಸೆಕ್ಯುರಿಟಿ ಕಂಪನಿಯ ಕತೆ ಇನ್ನೂ ಯೋಚಿಸುವಂಥದ್ದು, ಏಕೆಂದರೆ ಅವರದು ನ್ಯಾಯವಾದ ಲೆಕ್ಕವೆಂದೇ ನನಗನ್ನಿಸುತ್ತದೆ. ಒಂದು ಸ್ಪ್ಯಾಮ್ ಬಂದರೆ ಒಂದೇ ಒಂದು "ನನ್ನ ಹೆಸರು ತೆಗೆಯಿರಿ" ಎಂಬ ಬೇಡಿಕೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಲಕ್ಷಗಟ್ಟಲೆ ಸದಸ್ಯರು ಸೇರಿದ್ದರಿಂದ ಬೇಡಿಕೆಗಳ ಮಳೆಯೇ ಸುರಿಯಿತು, ಕೆಲವು ಸ್ಪ್ಯಾಮಿಗರು ಬಗ್ಗಿದರು ಕೂಡ. ಆದರೆ 2006ರ ಮೇ ತಿಂಗಳಲ್ಲಿ ಒಬ್ಬ ತಿರುಗಿ ಬಿದ್ದ. ಸದಸ್ಯರಿಗೆ ಬೆದರಿಕೆಯ ಪತ್ರಗಳು ಬಂದವು. ಕಂಪನಿಯ ಮೇಲೆ ದಾಳಿಯಾಯಿತು. ಕಂಪನಿ ತನ್ನ ಓದುಗರನ್ನು ಬೇರೊಂದು ತಾಣಕ್ಕೆ ತಿರುಗಿಸಿದಾಗ ದಾಳಿಯೂ ಅತ್ತಲೇ ಹರಿದು, ಏನೂ ಅರಿಯದೆ ಅಲ್ಲಿ ತಮ್ಮ ದಿನಚರಿ ಬರೆದುಕೊಳ್ಳುತ್ತಿದ್ದ ಲಕ್ಷಾಂತರ ಜನರ ಪುಟಗಳು ತೆರೆಯದಾದವು. ಎರಡು ವಾರದೊಳಗೆ ಕಂಪನಿ ಬಾಗಿಲು ಹಾಕಿತು. ಈ ಯುದ್ಧವನ್ನು ಬೆಳೆಸುವ ಅಧಿಕಾರ ತಮಗಿಲ್ಲ ಎಂದರು. ಸೋತರು ಎಂದು ಕೆಲವರು ಹಂಗಿಸಿದರು. ನನಗೆ ಮಾತ್ರ ಆ ಮಾತು ಹಿಡಿಸಿತು.

ಕಾನೂನಿನ ಮಾತೂ ಹೇಳಿಬಿಡುತ್ತೇನೆ, ಯಾಕೆಂದರೆ ಸಿಕ್ಕಿಬೀಳುವುದು ಮನೆಯ ಹುಡುಗ. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43 ಮತ್ತು 66ನೆಯ ಕಲಮುಗಳ ಪ್ರಕಾರ ಬೇರೆಯವರ ಕಂಪ್ಯೂಟರಿನ ಕೆಲಸವನ್ನು ದುರುದ್ದೇಶದಿಂದ ಕೆಡಿಸಿದರೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. "ಅವನೇ ಮೊದಲು ಶುರು ಮಾಡಿದ್ದು" ಎಂಬುದು ಅಲ್ಲಿ ನಡೆಯುವುದಿಲ್ಲ, ಅದು ಅಕ್ಕ ತಮ್ಮಂದಿರ ಜಗಳದಲ್ಲಿ ಮಾತ್ರ!

ಇನ್ನು ಕೆಲವರಿಗೆ ಒಂದು ಚಟ. ಮೋಸಗಾರರಿಗೆ ಸುಳ್ಳು ಹೆಸರಿನಲ್ಲಿ ಉತ್ತರ ಬರೆದು, ಆಸೆ ತೋರಿಸಿ, ವಾರಗಟ್ಟಲೆ ಅಲೆದಾಡಿಸಿ, ಅದನ್ನು ನಾಲ್ಕು ಜನಕ್ಕೆ ಹೇಳಿ ನಗುವುದು. "ಅಷ್ಟು ಹೊತ್ತು ಬೇರೆಯವರಿಗೆ ಮೋಸ ಮಾಡೋಕೆ ಆಗಲ್ವಲ್ಲ" ಅನ್ನುತ್ತಾರೆ. ಮಾತಿನಲ್ಲಿ ಸತ್ಯವಿದೆ. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಒಂದು, ಉತ್ತರಿಸಿದರೆ ನಿಮ್ಮ ವಿಳಾಸದಲ್ಲಿ ಜೀವವಿದೆ ಎಂದು ಅವರಿಗೆ ತಿಳಿಯುತ್ತದೆ, ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತೆ. ಎರಡನೆಯದು ಇನ್ನೂ ಭಾರವಾದದ್ದು. 2023ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಒಂದು ವರದಿ ಹೊರತಂದಿತು. ಮ್ಯಾನ್ಮಾರಿನಲ್ಲಿ ಕನಿಷ್ಠ 1,20,000 ಮಂದಿ, ಕಾಂಬೋಡಿಯಾದಲ್ಲಿ ಸುಮಾರು 1,00,000 ಮಂದಿ ಇಂಥ ಆನ್‌ಲೈನ್ ಮೋಸ ಮಾಡುವ ಕೆಲಸಕ್ಕೆ ಬಲವಂತವಾಗಿ ಸಿಕ್ಕಿಕೊಂಡಿರಬಹುದೆಂದು ಅದು ಹೇಳಿತು. ಒಳ್ಳೆಯ ನೌಕರಿಯೆಂದು ಕರೆಸಿ, ಪಾಸ್‌ಪೋರ್ಟು ಕಿತ್ತುಕೊಂಡು, ಗುರಿ ಮುಟ್ಟದಿದ್ದರೆ ಹೊಡೆಯುವ ಜಾಗಗಳವು. 2025ರ ಮಾರ್ಚಿನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಥಾಯ್ಲೆಂಡಿನ ಗಡಿಯಿಂದ 500ಕ್ಕೂ ಹೆಚ್ಚು ಭಾರತೀಯರನ್ನು ಕರೆತಂದವು. ಇವರ ಬಲೆ ಇ-ಮೇಲಿಗಿಂತ ಮೊಬೈಲ್ ಸಂದೇಶಗಳಲ್ಲಿ ಹೆಚ್ಚು, ನಿಜ. ಆದರೆ ನೀವು ಆಟವಾಡಿಸುತ್ತಿರುವುದು ಬಂಗಲೆಯಲ್ಲಿ ಕೂತ ಯಜಮಾನನನ್ನಲ್ಲ, ಆ ದಿನದ ಗುರಿ ಮುಟ್ಟದೆ ಏಟು ತಿನ್ನಲಿರುವ ಯಾರದೋ ಮನೆಯ ಮಗನನ್ನು ಇರಬಹುದು. ಹಾಗೆಂದು ಅವನಿಗೆ ದುಡ್ಡು ಕೊಡಿ ಅನ್ನುತ್ತಿಲ್ಲ ಮತ್ತೆ!

ಹಾಗಾದರೆ ತಲೆ ಬಗ್ಗಿಸಿ ಸಹಿಸಬೇಕೇ? ಯಾಕೆ ಸಹಿಸಬೇಕು? ದೂರು ಕೊಡುವುದು ಸೇಡಲ್ಲ. 2008ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮೆಕೋಲೋ ಎಂಬ ಕಂಪನಿ ಸ್ಪ್ಯಾಮ್ ಜಾಲಗಳಿಗೆ ಆಸರೆಯಾಗಿರುವುದನ್ನು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ವರದಿಗಾರ ಬ್ರಯಾನ್ ಕ್ರೆಬ್ಸ್ ಸಾಕ್ಷಿ ಸಮೇತ ಅದಕ್ಕೆ ಸಂಪರ್ಕ ಕೊಟ್ಟಿದ್ದವರ ಮುಂದಿಟ್ಟರು. ಅವರು ತಂತಿ ಕಿತ್ತರು. ಲೋಕದ ಸ್ಪ್ಯಾಮ್ ಒಂದೇ ದಿನದಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು! ಕೆಲವು ತಿಂಗಳಲ್ಲಿ ಮತ್ತೆ ಏರಿತು ಅನ್ನಿ, ಕಸ ಅಂದರೆ ಹಾಗೇ. ಆದರೂ ಒಂದು ಕಲ್ಲೂ ಬೀಸದೆ ಆದ ಕೆಲಸ.

ನಿಮ್ಮ ಮಟ್ಟಿಗೆ ಇಷ್ಟು ಮಾಡಿ. ಬೇಡದ ಪತ್ರವನ್ನು ಬರೀ ಅಳಿಸಬೇಡಿ, "ಸ್ಪ್ಯಾಮ್" ಎಂಬ ಗುಂಡಿ ಒತ್ತಿ. ನೀವು ಒತ್ತಿದ್ದು ಬೇರೆಯವರ ಅಂಗಳವನ್ನೂ ಕಾಯುತ್ತದೆ. ನೀವು ವ್ಯಾಪಾರ ಮಾಡಿದ ಅಂಗಡಿಯದಾದರೆ ಪತ್ರದ ಕೊನೆಯಲ್ಲಿ ಹೆಸರು ತೆಗೆಸಿಕೊಳ್ಳುವ ಕೊಂಡಿ ಇರುತ್ತದೆ, ಅದನ್ನು ಒತ್ತಬಹುದು. ಅಪರಿಚಿತರದಾದರೆ ಅದನ್ನೂ ಮುಟ್ಟಬೇಡಿ. ಫೋನಿಗೆ ಬರುವ ಜಾಹೀರಾತಿನ ಕರೆ, ಸಂದೇಶಗಳಿಗೆ 1909 ಇದೆ. ಹಣವೇ ಹೋಗಿದ್ದರೆ, ಮನೆಯವರು ಬೈಯುತ್ತಾರೆಂದು ಮುಚ್ಚಿಟ್ಟುಕೊಂಡು ಅಳುತ್ತ ಕೂರದೆ, ಆ ಕ್ಷಣವೇ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ಬ್ಯಾಂಕಿನಲ್ಲೇ ತಡೆಯುವ ಆಸೆ ಹೆಚ್ಚು.

ಅಷ್ಟೊಂದು ಉತ್ಸಾಹವಿರುವ ಆ ಮಗನಿಗೆ, ಅಜ್ಜಿಯ ಮತ್ತು ಅಕ್ಕಪಕ್ಕದವರ ಫೋನುಗಳನ್ನು ಒಂದು ಭಾನುವಾರ ಭದ್ರ ಮಾಡಿಕೊಡಲು ಹೇಳಿ. ಮತ್ತೆ, ವಾರಕ್ಕೊಮ್ಮೆ ಆ ಸ್ಪ್ಯಾಮ್ ಡಬ್ಬಿಯೊಳಗೆ ಇಣುಕಿ ನೋಡುವುದನ್ನು ಮಾತ್ರ ಮರೆಯಬೇಡಿ. ಸಂದರ್ಶನದ ಕರೆ, ಸೋದರತ್ತೆ ಕಳಿಸಿದ ಮದುವೆಯ ಆಮಂತ್ರಣ ಇಂಥವೂ ಒಮ್ಮೊಮ್ಮೆ ಅದರಲ್ಲೇ ಬಿದ್ದಿರುತ್ತವೆ.