ಗೋಡೆಯ ಮೇಲೆ ಘೋಷಣೆ, ಮೇಜಿನ ಮೇಲೆ ನೋಟಿಸ್



ಇತ್ತೀಚೆಗೆ ನಮ್ಮವರೇ ನಡೆಸುವ ಒಂದು ಪ್ರೌಢಶಾಲೆಗೆ ಹೋಗಿದ್ದೆ. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಕಾಯಕದ ಮಹಿಮೆ ಸಾರುವ ದೊಡ್ಡ ಫಲಕ. ಅದರ ಕೆಳಗೇ ಇನ್ನೊಂದು ಹಾಳೆ: ಎಸ್ಸೆಸ್ಸೆಲ್ಸಿ ಫಲಿತಾಂಶದ ಲೆಕ್ಕದಲ್ಲಿ ಶಿಕ್ಷಕರ ಹೆಸರುಗಳನ್ನು ಮೇಲಿನಿಂದ ಕೆಳಕ್ಕೆ ಬರೆದ ಪಟ್ಟಿ. ಕೊನೆಯ ಇಬ್ಬರ ಹೆಸರಿಗೆ ಕೆಂಪು ಗೆರೆ. ಅವರಿಗೆ ಆಡಳಿತ ಮಂಡಳಿಯ ನೋಟಿಸ್ ಹೋಗಿದೆಯಂತೆ. "ಈಗಿನ ಮ್ಯಾನೇಜ್‌ಮೆಂಟ್ ಅಂದರೆ ಇದೇ ಸಾರ್" ಎಂದು ಕಾರ್ಯದರ್ಶಿಗಳು ಹೆಮ್ಮೆಯಿಂದ ಹೇಳಿದರು.

ನಾನು ಒಪ್ಪುವುದಿಲ್ಲ. ಈಗಿನದು ಎಂದು ಅವರು ಹೇಳುವ ಈ ವಿದ್ಯೆಗೆ ನೂರು ವರ್ಷ ದಾಟಿದೆ. ಅದು ಏಕೆ ಕೆಡಕು ಎಂದು ಅದೇ ಕ್ಷೇತ್ರದ ಹಿರಿಯರು ಎಂದೋ ತೋರಿಸಿಕೊಟ್ಟಿದ್ದಾರೆ.

ಇದರ ಮೂಲಪುರುಷ ಅಮೆರಿಕದ ಫ್ರೆಡರಿಕ್ ಟೇಲರ್. ನನ್ನಂತೆ ಎಂಜಿನಿಯರ್. 1911ರಲ್ಲಿ ವೈಜ್ಞಾನಿಕ ನಿರ್ವಹಣೆಯ ತತ್ವಗಳ ಬಗ್ಗೆ ಪುಸ್ತಕ ಬರೆದರು. ಬೆಥ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ದಿನಕ್ಕೆ 12.5 ಟನ್ ಕಬ್ಬಿಣ ಹೊರುತ್ತಿದ್ದ ಆಳಿನಿಂದ 47.5 ಟನ್ ಹೊರಿಸಿದೆ ಎಂದು ಅದರಲ್ಲಿ ಹೇಳಿಕೊಂಡಿದ್ದಾರೆ. ಕೂಲಿ ಏರಿದ್ದು 1.15 ಡಾಲರಿನಿಂದ 1.85 ಡಾಲರಿಗೆ. ಹೊರೆ ನಾಲ್ಕು ಪಟ್ಟಿನ ಹತ್ತಿರ, ಕೂಲಿ ಎರಡು ಪಟ್ಟೂ ಇಲ್ಲ! ಯೋಚಿಸುವುದು ಕಚೇರಿಯವರ ಕೆಲಸ, ಹೇಳಿದಂತೆ ಮಾಡುವುದು ದುಡಿಯುವವನ ಕೆಲಸ ಎಂಬುದು ಟೇಲರ್ ಮತ. ನಮ್ಮ ಗುರಿ, ಪಟ್ಟಿ, ನೋಟಿಸ್ ಎಲ್ಲದರ ಬೇರು ಇಲ್ಲಿದೆ.

ಈ ಬೇರಿಗೆ ಕೊಡಲಿ ಹಾಕಿದವರು ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ (1900–1993). ಓದಿದ್ದು ಭೌತಶಾಸ್ತ್ರ, ಪಳಗಿದ್ದು ಸಂಖ್ಯಾಶಾಸ್ತ್ರದಲ್ಲಿ. 1950ರಲ್ಲಿ ಜಪಾನಿನ ಎಂಜಿನಿಯರುಗಳು ಅವರನ್ನು ಕರೆಸಿ ಪಾಠ ಕೇಳಿದರು. ಮರುವರ್ಷವೇ ಅವರ ಹೆಸರಿನಲ್ಲಿ ಪ್ರಶಸ್ತಿ ಸ್ಥಾಪಿಸಿದರು. ಡೆಮಿಂಗ್ ಒಬ್ಬರೇ ಜಪಾನನ್ನು ಎತ್ತಿ ನಿಲ್ಲಿಸಿದರು ಎಂದರೆ ಉತ್ಪ್ರೇಕ್ಷೆಯಾದೀತು. ಜ್ಯುರಾನ್ ಬಂದರು, ಇಶಿಕಾವಾ ದುಡಿದರು. ಆದರೆ ಡೆಮಿಂಗ್ ಮಾತಿಗೆ ಅಲ್ಲಿ ಕಿವಿಗಳಿದ್ದವು. ಅವರ ಸ್ವಂತ ದೇಶ ಅವರನ್ನು ಗುರುತಿಸಿದ್ದು 1980ರಲ್ಲಿ, ಒಂದು ಟಿ.ವಿ. ಕಾರ್ಯಕ್ರಮದ ನಂತರ. ಆಗ ಅವರಿಗೆ ಎಂಬತ್ತರ ಹತ್ತಿರ ವಯಸ್ಸು.

ಡೆಮಿಂಗ್ ತಮ್ಮ ಶಿಬಿರಗಳಲ್ಲಿ ಒಂದು ಆಟ ಆಡಿಸುತ್ತಿದ್ದರು. ಪೆಟ್ಟಿಗೆಯಲ್ಲಿ 4,000 ಮಣಿ. 3,200 ಬಿಳಿ, 800 ಕೆಂಪು. ಆರು ಮಂದಿ 'ಕೆಲಸಗಾರರು' ಐವತ್ತು ಗುಳಿಗಳ ಹಲಗೆಯನ್ನು ಅದರಲ್ಲಿ ಅದ್ದಿ ಮಣಿ ತೆಗೆಯಬೇಕು. ಕೆಂಪು ಮಣಿ ಎಂದರೆ ದೋಷ. ಒಬ್ಬನಿಗೆ 6 ಬಂದರೆ ಡೆಮಿಂಗ್ ಬೆನ್ನು ತಟ್ಟುವರು. ಇನ್ನೊಬ್ಬನಿಗೆ 14 ಬಂದರೆ ಗದರಿಸುವರು. ಮರುಸುತ್ತಿನಲ್ಲಿ ಹೊಗಳಿಸಿಕೊಂಡವನಿಗೆ 12, ಬೈಸಿಕೊಂಡವನಿಗೆ 9. ಬೈಗುಳ ಕೆಲಸ ಮಾಡಿತು ಎನ್ನಿಸುತ್ತದೆ, ಅಲ್ಲವೇ? ಏನೂ ಮಾಡಿಲ್ಲ. ಐದರಲ್ಲಿ ಒಂದು ಮಣಿ ಕೆಂಪಾದರೆ ಐವತ್ತಕ್ಕೆ ಸರಾಸರಿ 10 ಬರುತ್ತದೆ. 2ರಿಂದ 18ರವರೆಗೆ ಎಷ್ಟು ಬಂದರೂ ಅದು ಪೆಟ್ಟಿಗೆಯ ಗುಣ, ಕೈಯ ಗುಣವಲ್ಲ. ಪೆಟ್ಟಿಗೆ ತುಂಬಿಸಿದವರು ಯಾರು? ಆಡಳಿತದವರು.

ಈಗ ಆ ಶಾಲೆಯ ಪಟ್ಟಿಗೆ ಬನ್ನಿ. ತರಗತಿಯಲ್ಲಿ ನಲವತ್ತು ಮಕ್ಕಳು, ಪಾಸಾಗುವವರು ಸಾಮಾನ್ಯವಾಗಿ ಶೇ. 80 ಎಂದಿಟ್ಟುಕೊಳ್ಳಿ. ಯಾರ ತಪ್ಪೂ ಇಲ್ಲದೆ, ಯಾರ ಸಾಧನೆಯೂ ಇಲ್ಲದೆ ಅದು ವರ್ಷದಿಂದ ವರ್ಷಕ್ಕೆ ಆರೇಳು ಶೇಕಡಾ ಏರಿಳಿಯುತ್ತದೆ. ಇಬ್ಬರು ಮೂವರು ಮಕ್ಕಳ ಜ್ವರ, ಮನೆಯ ಜಗಳ, ತಪ್ಪಿದ ಬಸ್ಸು ಇಷ್ಟಕ್ಕೆ ಸಾಕು. ಅಷ್ಟರ ಮೇಲೆ ಒಬ್ಬ ಮೇಷ್ಟರ ಮಾನ ಹರಾಜು ಹಾಕುವುದು ಯಾವ ನ್ಯಾಯ?

ನಾನೂ ಈ ಪಾಪದ ಪಾಲುದಾರ. ಇಲಾಖೆಯಲ್ಲಿ ಕಾರ್ಯಪಾಲಕ ಎಂಜಿನಿಯರ್ ಆಗಿದ್ದಾಗ, ಕಾಂಕ್ರೀಟ್ ಕ್ಯೂಬ್ ಪರೀಕ್ಷೆಯಲ್ಲಿ ಬಲ ಕಡಿಮೆ ಬಂದರೆ ಆ ಸೈಟಿನ ಕಿರಿಯ ಎಂಜಿನಿಯರಿಗೆ ಸಂಜೆಯೊಳಗೆ ಕಾರಣ ಕೇಳಿ ನೋಟಿಸ್ ಕೊಡುತ್ತಿದ್ದೆ. ಆರು ತಿಂಗಳಲ್ಲಿ ಕಡಿಮೆ ಬರುವುದು ನಿಂತೇ ಹೋಯಿತು. ನನ್ನ ಶಿಸ್ತಿನ ಫಲ ಎಂದು ಬೀಗಿದೆ. ಒಂದು ದಿನ ರಿಜಿಸ್ಟರನ್ನು ಸಾಲಾಗಿ ಓದಿದಾಗ ಎದೆ ಧಸಕ್ಕೆಂದಿತು. ಎಂ-20 ಕಾಂಕ್ರೀಟಿನ ಪುಟಗಟ್ಟಲೆ ಫಲಿತಾಂಶ 27, 27.5, 28 ಇಷ್ಟೇ. ಐಎಸ್ 456 ಸಂಹಿತೆಯೇ ಈ ದರ್ಜೆಗೆ ಪ್ರಮಾಣಿತ ವಿಚಲನೆ 4 ಎಂದು ಇಟ್ಟುಕೊಳ್ಳುತ್ತದೆ. ಮರಳು, ಜಲ್ಲಿ, ನೀರು ದಿನಕ್ಕೊಂದು ಥರ ಇರುವ ಸೈಟಿನಲ್ಲಿ ಇಷ್ಟು ಒಂದೇ ಸಮ ಬರಲು ಸಾಧ್ಯವೇ ಇಲ್ಲ. ಹುಡುಗರು ಕಾಂಕ್ರೀಟನ್ನು ಬಿಟ್ಟು ಬರಹವನ್ನು ಸುಧಾರಿಸಿದ್ದರು. ಅವರಿಗೆ ಅದನ್ನು ಕಲಿಸಿದವನು ನಾನು.

ನಿಜವಾದ ಕಾರಣ ಏನಿತ್ತು? ಮಳೆಗಾಲದ ಮರಳಿನಲ್ಲಿ ನೀರು ತುಂಬಿರುತ್ತದೆ. ಪೆಟ್ಟಿಗೆಯಲ್ಲಿ ಅಳೆದರೆ ಅದು ಲೆಕ್ಕಕ್ಕೆ ಸಿಗುವುದಿಲ್ಲ. ತೂಕದ ಯಂತ್ರ ಕೊಡಿ ಎಂದು ಅವರು ಎರಡು ಸಲ ಬರೆದಿದ್ದರು. ಎರಡೂ ಪತ್ರ ನನ್ನ ಮೇಜಿನ ಮೇಲೇ ಇದ್ದವು.

ಡೆಮಿಂಗ್ ಅವರ ಹದಿನಾಲ್ಕು ಸೂತ್ರಗಳಲ್ಲಿ ಎಂಟನೆಯದು ಭಯವನ್ನು ಹೊರಗಟ್ಟುವುದು. ಹತ್ತನೆಯದು ಘೋಷಣೆಗಳನ್ನು ಕಿತ್ತುಹಾಕುವುದು. ಅದನ್ನು ನಾನು ಓದಿದ್ದು ನಿವೃತ್ತಿಯ ನಂತರ. ಎಷ್ಟು ತಡ!

ಭಯವಿಲ್ಲದಿದ್ದರೆ ಸರ್ಕಾರಿ ನೌಕರ ಕೆಲಸ ಮಾಡುತ್ತಾನೆಯೇ ಎಂದು ಕೇಳುವವರಿದ್ದಾರೆ. ಲಂಚಕೋರನನ್ನು, ಕೆಲಸಗಳ್ಳನನ್ನು ಬಿಡಿ ಎಂದು ಡೆಮಿಂಗ್ ಹೇಳಿಲ್ಲ. ಮಿತಿ ಮೀರಿದವನನ್ನು ಬೇರೆಯಾಗಿ ನೋಡಿ. ಮಿತಿಯೊಳಗಿನವರನ್ನು ಶ್ರೇಣಿ ಕಟ್ಟಿ ಅವಮಾನಿಸಬೇಡಿ ಎಂದರು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ತೊಂದರೆ ವ್ಯವಸ್ಥೆಯದ್ದು, ಅದನ್ನು ಸರಿಪಡಿಸುವ ಹೊಣೆ ಮೇಲಿನವರದ್ದು ಎಂಬುದು ಅವರ ಅಂದಾಜು. ಮೇಲಿನವರಿಗೆ ಈ ಮಾತು ರುಚಿಸದಿರುವುದು ಸಹಜ.

ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಜಾಕ್ ವೆಲ್ಷ್ ಪ್ರತಿವರ್ಷ ಕೊನೆಯ ಹತ್ತು ಶೇಕಡಾ ನೌಕರರನ್ನು ಗುರುತಿಸಿ ಹೊರಗೆ ಕಳಿಸುವ ಪದ್ಧತಿ ನಡೆಸಿದರು. ಜಗತ್ತೇ ನಕಲು ಮಾಡಿತು. 2013ರಲ್ಲಿ ಮೈಕ್ರೋಸಾಫ್ಟ್ ಇಂಥ ಶ್ರೇಣಿ ಪದ್ಧತಿಯನ್ನೇ ಕೈಬಿಟ್ಟಿತು. ಅವರು ಬಿಸಾಡಿದ್ದನ್ನು ನಾವು ಈಗ ಹೊಸದೆಂದು ಮನೆಗೆ ತರುತ್ತಿದ್ದೇವೆ.

ಇದೆಲ್ಲ ನಮ್ಮ ಕಾಯಕ ತತ್ವದಲ್ಲಿ ಮೊದಲೇ ಇತ್ತು ಎಂದು ಎದೆ ತಟ್ಟಿಕೊಂಡು ಕೈತೊಳೆಯುವುದೂ ಬೇಡ. ಇತ್ತು ಎನ್ನುವವರು ಮೊದಲು ಗೋಡೆಯ ಮೇಲಿನ ಆ ಪಟ್ಟಿಯನ್ನು ಕೀಳಲಿ. ದುಡಿಯುವವನಿಗೆ ತನ್ನ ಕೆಲಸದ ಬಗ್ಗೆ ಹೆಮ್ಮೆ ಉಳಿಯದ ಕಡೆ ಕಾಯಕದ ಫಲಕ ಬರೀ ಬಣ್ಣದ ಹಲಗೆ.

ನಮ್ಮ ಸಂಸ್ಥೆಗಳ ಆಡಳಿತ ಮಂಡಳಿಯವರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಭೆಯಲ್ಲಿ ಯಾರಿಗೆ ನೋಟಿಸ್ ಎಂದು ಕೇಳುವ ಮೊದಲು ಆ ಶಿಕ್ಷಕರನ್ನು ಕೂರಿಸಿಕೊಂಡು, "ನಿಮ್ಮ ಕೆಲಸಕ್ಕೆ ಅಡ್ಡಿ ಏನು?" ಎಂದು ಕೇಳಿ. ಅವರು ಎಂದೋ ಬರೆದ ಪತ್ರ ನಿಮ್ಮ ಮೇಜಿನ ಮೇಲೆ ಇದೆಯೇ, ಹುಡುಕಿ ನೋಡಿ.