ನಿದ್ದೆಗೆಟ್ಟವರೆಲ್ಲ ಪಶ್ಚಾತ್ತಾಪಪಟ್ಟವರಲ್ಲ

ಇತ್ತೀಚೆಗೆ ಧಾರವಾಡದ ಒಂದು ವಿಚಾರ ಸಂಕಿರಣದಲ್ಲಿ ‘ತುಘಲಕ್’ ಕುರಿತು ಮೂರು ಪ್ರಬಂಧ ಕೇಳಿದೆ. ಮೂರರಲ್ಲೂ ನೆಹರೂ ಬಂದರು, ಕನಸು ಒಡೆಯಿತು, ಚಹಾ ಬಂತು. ಕಾರ್ನಾಡರು ಓದಿ ಬೆಳೆದ ಊರಿನಲ್ಲೇ, ಇಲ್ಲಿನ ಮನೋಹರ ಗ್ರಂಥಮಾಲೆ 1964ರಲ್ಲಿ ಪ್ರಕಟಿಸಿದ ನಾಟಕಕ್ಕೆ ನಾವು ಇಷ್ಟು ವರ್ಷಗಳ ನಂತರವೂ ಅದೇ ಟಿಪ್ಪಣಿ ಓದುತ್ತಿದ್ದೇವೆ.

ಆ ಓದು ಸುಳ್ಳಲ್ಲ. ಅನಂತಮೂರ್ತಿಯವರು ಇಂಗ್ಲಿಷ್ ಅನುವಾದದ ಮುನ್ನುಡಿಯಲ್ಲಿ ಅರವತ್ತರ ದಶಕದ ಭ್ರಮನಿರಸನವನ್ನು ಗುರುತಿಸಿದಾಗ ಅದಕ್ಕೊಂದು ತುರ್ತಿತ್ತು. ಆದರೆ ನೆಹರೂ ತಂದೆಯನ್ನು ಕೊಂದವರಲ್ಲ. ಈ ಸುಲ್ತಾನ ತಂದೆಯನ್ನೂ ತಮ್ಮನನ್ನೂ ಕೊಲ್ಲಿಸಿದವನು, ಅದೂ ಪ್ರಾರ್ಥನೆಯ ಹೊತ್ತಿನಲ್ಲಿ. ರೂಪಕದ ಓದಿಗೆ ಈ ಎರಡು ಹೆಣ ಅಡ್ಡಬರುತ್ತವೆ. ಹಾಗಾಗಿ ಅವನ್ನು ಬದಿಗೆ ಸರಿಸಿ ‘ಆದರ್ಶವಾದಿಯ ಸೋಲು’ ಎನ್ನುತ್ತೇವೆ.

ಹೆಣಗಳನ್ನು ನೋಡುವವರದು ಇನ್ನೊಂದು ತಪ್ಪು. ಸುಲ್ತಾನನಿಗೆ ನಿದ್ದೆಯಿಲ್ಲ, ಆದ್ದರಿಂದ ಅವನು ಪಶ್ಚಾತ್ತಾಪದಲ್ಲಿ ಬೇಯುತ್ತಿದ್ದಾನೆ ಎಂದು ಮ್ಯಾಕ್‌ಬೆತ್‌ನನ್ನು ಪಕ್ಕಕ್ಕೆ ನಿಲ್ಲಿಸಿ ಮರುಗುತ್ತಾರೆ. ಎಂ.ಎ. ಪರೀಕ್ಷೆಯಲ್ಲಿ ನಾನೂ ಹಾಗೇ ಬರೆದು ಒಳ್ಳೆಯ ಅಂಕ ಪಡೆದೆ. ಈಗ ಆ ಉತ್ತರ ನನಗೇ ಒಪ್ಪಿಗೆಯಿಲ್ಲ.

ನಾಟಕವನ್ನೇ ನೋಡಿ. ಪ್ರಾರ್ಥನೆಯ ವೇಳೆಗೆ ತನ್ನನ್ನು ಕೊಲ್ಲಲು ಹೊಂಚಿದ ಅಮೀರರು ಸಿಕ್ಕಿಬಿದ್ದಾಗ ಸುಲ್ತಾನ ಶಿಹಾಬುದ್ದೀನನನ್ನು ಕೈಯಾರೆ ಇರಿಯುತ್ತಾನೆ, ಇರಿಯುತ್ತಲೇ ಹೋಗುತ್ತಾನೆ. ಆಮೇಲೆ ರಾಜ್ಯದಲ್ಲೆಲ್ಲ ಪ್ರಾರ್ಥನೆ ನಿಷೇಧ. ಒಬ್ಬನ ಎದೆಯ ಕಲೆ ಇಡೀ ಪ್ರಜೆಗಳಿಗೆ ಕಾನೂನಾಗುತ್ತದೆ. ಮಲತಾಯಿ ನಜೀಬನಿಗೆ ವಿಷ ಹಾಕಿದ್ದು ತಾನೇ ಎಂದು ಒಪ್ಪಿಕೊಂಡು ಅವನ ಹಳೆಯ ಕೊಲೆಗಳನ್ನು ನೆನಪಿಸಿದರೆ, ಅವಳನ್ನು ಕಲ್ಲು ಹೊಡೆದು ಕೊಲ್ಲಿಸುವ ಆಜ್ಞೆ. ಆ ಆಜ್ಞೆಯ ಬೆನ್ನಿಗೇ ಮೊಣಕಾಲೂರಿ ದೇವರಿಗೆ ಮೊರೆ. ಕೊನೆಗೆ ನಿಜವಾದ ಕೊಲೆಗಡುಕ ಅಗಸರ ಅಜೀಜ್ ಎದುರು ನಿಂತರೆ ಅವನಿಗೆ ಶಿಕ್ಷೆಯಿಲ್ಲ, ದಖ್ಖನಿನಲ್ಲಿ ಅಧಿಕಾರ!

ಇದು ಪಶ್ಚಾತ್ತಾಪವೇ? ಅಲ್ಲ. ಪಾಪಪ್ರಜ್ಞೆ ಮತ್ತು ಪಶ್ಚಾತ್ತಾಪ ಒಂದೇ ಮನೆಯ ಮಕ್ಕಳಲ್ಲ. ಪಶ್ಚಾತ್ತಾಪಕ್ಕೆ ಎದುರಿಗೊಬ್ಬ ಮನುಷ್ಯ ಬೇಕು, ನೋವುಂಡವನು. ಪಾಪಪ್ರಜ್ಞೆಗೆ ಯಾರೂ ಬೇಡ, ತನ್ನ ನೋವೊಂದಿದ್ದರೆ ಸಾಕು. ನೆನಪಿಸುವ ಬಾಯಿಯನ್ನು ಅದು ಮುಚ್ಚಿಸುತ್ತದೆ, ತನ್ನಂಥ ಕಳ್ಳನನ್ನು ಕ್ಷಮಿಸುತ್ತದೆ. ಸುಲ್ತಾನನ ನಿದ್ದೆಗೇಡಿಗೆ ಕರಗುವ ನಾವು ಅವನ ಪ್ರಜೆಗಳ ನಿದ್ದೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇದನ್ನು ನಾನು ಗ್ರಂಥಾಲಯದಲ್ಲಿ ಕಲಿಯಲಿಲ್ಲ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ, ಒಂಬತ್ತನೆಯ ತರಗತಿಯಲ್ಲಿದ್ದಾಗ, ಅಪ್ಪನ ಕಿಸೆಯಿಂದ 50 ರೂಪಾಯಿ ಕದ್ದೆ. ಏಟು ತಿಂದವನು ತಮ್ಮ. ಅಂದು ರಾತ್ರಿ ನನಗೂ ನಿದ್ದೆ ಬರಲಿಲ್ಲ. ಆದರೆ ಮರುದಿನದಿಂದ ನಾನು ಅವನ ಮೇಲೆ ಕರುಣೆ ತೋರಲಿಲ್ಲ, ಅವನನ್ನು ದ್ವೇಷಿಸತೊಡಗಿದೆ. ಅವನ ಮುಖವೇ ನನಗೆ ಸಾಕ್ಷಿಯಾಗಿತ್ತು. ಸಣ್ಣದಕ್ಕೂ ‘ಕಳ್ಳ’ ಎಂದೆ. ಮನೆಮಂದಿ ನಂಬಿದರು. ಎಷ್ಟೋ ವರ್ಷ ಅವನು ಆ ಹೆಸರನ್ನು ಹೊತ್ತ.

ಹೋದ ದೀಪಾವಳಿಗೆ ಹೇಳಿದೆ. ‘ನನಗ ಗೊತ್ತಿತ್ತು’ ಅಂದ, ಅಷ್ಟೇ. ಆ ರಾತ್ರಿ ನನಗೆ ಗಾಢ ನಿದ್ದೆ. ಬೆಳಿಗ್ಗೆ ಎದ್ದಾಗ ನೆನಪಾದದ್ದು ನಾಟಕದ ಕೊನೆ. ಪ್ರಾರ್ಥನೆ ಮರಳಿ ಶುರುವಾಗುವ ದಿನ, ಅಜಾನ್ ಕೇಳುತ್ತಿರುವಾಗ, ಸುಲ್ತಾನ ಸಿಂಹಾಸನದ ಮೇಲೆ ನಿದ್ದೆಯಲ್ಲಿರುತ್ತಾನೆ. ನಿದ್ದೆ ಬಂದದ್ದಕ್ಕೆ ಯಾವ ಋಣವೂ ತೀರಿರುವುದಿಲ್ಲ. ನಾನೂ ಅಪ್ಪನಿಗೆ ಇನ್ನೂ ಹೇಳಿರಲಿಲ್ಲ. ಅಂದು ಹೇಳಿದೆ.

‘ತುಘಲಕ್’ ಪಾಠ ಮಾಡುವವರಲ್ಲಿ ನನ್ನದೊಂದೇ ಕೋರಿಕೆ. ‘ಅವನೆಷ್ಟು ನರಳಿದ?’ ಎಂದು ಮಕ್ಕಳನ್ನು ಕೇಳಬೇಡಿ. ‘ನರಳಿ ಯಾರಿಗೆ ಏನನ್ನು ಮರಳಿಸಿದ?’ ಎಂದು ಕೇಳಿ.